ಚರ್ಮ ಮತ್ತು ಹಾರ್ಮೋನು

ಮಾನವದೇಹದ ಅಂಗಗಳಲ್ಲೆಲ್ಲ ವಿಸ್ತಾರದಲ್ಲಿ ದೊಡ್ಡದು ಚರ್ಮ. ವಯಸ್ಕನೊಬ್ಬನ ಚರ್ಮದ ವಿಸ್ತೀರ್ಣ ಒಂದೂವರೆಯಿಂದ ಎರಡು ಚದರ ಮೀಟರುಗಳಷ್ಟಿರುತ್ತದೆ. ಬಿಸಿಲು, ಮಳೆ, ಧೂಳು, ರೋಗಾಣು ಮೊದಲಾದವುಗಳನ್ನು ಹೊರಗೇ ತಡೆದು ನಿಲ್ಲಿಸುವ ಈ ಹೊದಿಕೆಯನ್ನು ಕೋಟೆಯ ಗೋಡೆಗೆ ಹೋಲಿಸುವುದು ವಾಡಿಕೆ. ಹೋಲಿಕೆ ತಕ್ಕುದೇ ಆದರೂ ಅದು ಅರ್ಧಸತ್ಯ. ಕೋಟೆಯ ಗೋಡೆ ಕಲ್ಲಿನದು. ಒಳಗೆ ಅರಮನೆಯಲ್ಲಿ ಏನು ನಡೆದರೂ ಅದರ ಬಣ್ಣ ಬದಲಾಗದು. ಚರ್ಮವಾದರೋ ಸಜೀವವಾದುದು. ದೇಹದ ಆಳದಲ್ಲಿರುವ ಪುಟ್ಟ ಗ್ರಂಥಿಗಳಲ್ಲಿ ಏರುಪೇರಾದಾಗ ಅದರ ಸುದ್ದಿ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಚರ್ಮದ ಮೇಲೆಯೇ.

ಈ ಸತ್ಯ ತಿಳಿಯದಿದ್ದ ಕಾಲದಲ್ಲಿ ಬಹುದಿನದ ಚರ್ಮರೋಗದಿಂದ ನರಳುವವರು ಎರಡು ಬಗೆಯ ಸಂಕಟವನ್ನು ಅನುಭವಿಸಬೇಕಾಗಿತ್ತು. ರೋಗದ ನೋವು ಒಂದು. ಜನರ ತಿರಸ್ಕಾರ ಇನ್ನೊಂದು. ಚರ್ಮದ ಮೇಲೆ ಕಲೆಯೋ ಹೊಪ್ಪಳೆಯೋ ಕಂಡರೆ, ಅದು ಕೊಳಕಿನ ಫಲವೆಂದು ಕೆಲವರು, ಪೂರ್ವಜನ್ಮದ ಪಾಪವೆಂದು ಕೆಲವರು, ಅಂಟುರೋಗವೆಂದು ಇನ್ನು ಕೆಲವರು ದೂರ ಸರಿಯುತ್ತಿದ್ದರು. ಈ ಭಾವನೆಗಳು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಆದುದರಿಂದ ದೇಹದ ಒಳಗಿನ ರಸಗಳಿಗೂ ಹೊರಗಿನ ಚರ್ಮಕ್ಕೂ ಇರುವ ಸಂಬಂಧವನ್ನು ಅರಿಯುವುದು ವೈದ್ಯರಿಗೆ ಮಾತ್ರವಲ್ಲ, ಎಲ್ಲರಿಗೂ ಅಗತ್ಯ.

ದೇಹದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ ಮೊದಲಾದವು ತಮ್ಮ ರಸವನ್ನು ನಾಳದ ಮೂಲಕ ಹೊರಕ್ಕೆ ಹರಿಸುತ್ತವೆ. ಪಿಟ್ಯುಟರಿ, ಥೈರಾಯ್ಡ್, ಅಡ್ರೀನಲ್ ಮೊದಲಾದವುಗಳಿಗೆ ಅಂತಹ ನಾಳವಿಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಆದಕಾರಣ ಅವುಗಳಿಗೆ ನಿರ್ನಾಳ ಗ್ರಂಥಿಗಳೆಂದು ಹೆಸರು. ಹೀಗೆ ರಕ್ತವನ್ನು ಸೇರಿ, ದೂರದ ಅಂಗಗಳ ಕಾರ್ಯವನ್ನು ಪ್ರಚೋದಿಸುವ ವಸ್ತುಗಳಿಗೆ ಇಂಗ್ಲೆಂಡಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ೧೯೦೫ರಲ್ಲಿ 'ಹಾರ್ಮೋನು' ಎಂಬ ಹೆಸರನ್ನು ಬಳಸಿದನು. ಎಚ್ಚರಿಸು, ಚಲಿಸುವಂತೆ ಮಾಡು ಎಂಬ ಅರ್ಥದ ಗ್ರೀಕ್ ಪದದಿಂದ ಬಂದುದು ಅದು.

ಹಾರ್ಮೋನುಗಳ ಕೆಲಸ ದೊಡ್ಡದು. ಪ್ರಮಾಣ ಮಾತ್ರ ಅತ್ಯಲ್ಪ. ಕೆರೆಯ ಕೆಳಗಿನ ಗದ್ದೆಗೆ ತೂಬಿನಿಂದ ಹರಿಯುವ ನೀರನ್ನು ನೆನೆದರೆ ಅವುಗಳ ಗುಣ ಅರ್ಥವಾಗುತ್ತದೆ. ನೀರು ಕಡಿಮೆಯಾದರೆ ಪೈರು ಒಣಗುತ್ತದೆ. ಹೆಚ್ಚಾದರೆ ಬೇರು ಕೊಳೆಯುತ್ತದೆ. ಗದ್ದೆಯ ಸ್ಥಿತಿಯನ್ನು ನೋಡಿ ತೂಬನ್ನು ಏರಿಸಿ ಇಳಿಸುವ ನೀರುಗಂಟಿಯಂತೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ರಕ್ತದಲ್ಲಿನ ಹಾರ್ಮೋನಿನ ಮಟ್ಟಕ್ಕೆ ತಕ್ಕಂತೆ ಇತರ ಹಲವು ಗ್ರಂಥಿಗಳಿಗೆ ಆಜ್ಞೆಯನ್ನು ಕಳುಹಿಸುತ್ತಿರುತ್ತದೆ. ಈ ಹೋಲಿಕೆಗೆ ಇನ್ನೊಂದು ಮಾತನ್ನೂ ಸೇರಿಸಬೇಕು. ಒಂದೇ ತೂಬಿನ ನೀರು ಹರಿದರೂ ಎಲ್ಲ ಗದ್ದೆಗಳೂ ಅದನ್ನು ಒಂದೇ ರೀತಿಯಲ್ಲಿ ಹೀರಿಕೊಳ್ಳುವುದಿಲ್ಲ. ಹಾಗೆಯೇ ರಕ್ತದಲ್ಲಿ ಹಾರ್ಮೋನಿನ ಪ್ರಮಾಣ ಸಮವಾಗಿದ್ದರೂ ಒಬ್ಬರ ಚರ್ಮ ಅದಕ್ಕೆ ಹೆಚ್ಚಾಗಿ ಸ್ಪಂದಿಸಬಹುದು, ಇನ್ನೊಬ್ಬರದು ಕಡಿಮೆ.

ಚರ್ಮಕ್ಕೂ ನಿರ್ನಾಳ ಗ್ರಂಥಿಗೂ ಇರುವ ನಂಟನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ಅಗ್ರಗಣ್ಯನು. ೧೮೫೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ೧೧ ಮಂದಿ ರೋಗಿಗಳನ್ನು ಕುರಿತು ಬರೆದನು. ಅವನು ವರ್ಣಿಸಿದ ರೋಗದಲ್ಲಿ ರೋಗಿ ದಿನದಿನಕ್ಕೆ ನಿಶ್ಶಕ್ತನಾಗುತ್ತಾನೆ, ಹಸಿವು ಕುಗ್ಗುತ್ತದೆ, ನಾಡಿ ಕ್ಷೀಣಿಸುತ್ತದೆ; ಜೊತೆಗೆ ಚರ್ಮವು ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಅಂಗೈಯ ಗೆರೆಗಳು, ಬೆರಳಿನ ಗೆಣ್ಣುಗಳು, ಹಳೆಯ ಗಾಯದ ಗುರುತುಗಳು, ಒಸಡುಗಳು ವಿಶೇಷವಾಗಿ ಕಪ್ಪಾಗುತ್ತವೆ. ಹೀಗೆ ತೀರಿಕೊಂಡವರ ದೇಹಗಳನ್ನು ಪರೀಕ್ಷಿಸಿದಾಗ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಪುಟ್ಟ ಅಡ್ರೀನಲ್ ಗ್ರಂಥಿಗಳು ಕ್ಷಯ ಮೊದಲಾದ ರೋಗಗಳಿಂದ ಕೆಟ್ಟಿದ್ದುದು ಕಂಡುಬಂದಿತು. ನಾಲ್ಕೈದು ಗ್ರಾಂ ತೂಗುವ ಒಂದೊಂದು ಗ್ರಂಥಿಯ ನಾಶ ಇಡೀ ಚರ್ಮದ ಬಣ್ಣವನ್ನೇ ಬದಲಿಸಬಲ್ಲುದೆಂಬುದು ಅಂದಿನ ವೈದ್ಯರಿಗೆ ಬೆರಗಿನ ಸಂಗತಿಯಾಗಿತ್ತು.

ಇದರ ಕಾರಣ ತಿಳಿದುಬಂದದ್ದು ಬಹುಕಾಲದ ಮೇಲೆ. ಅಡ್ರೀನಲ್ ಗ್ರಂಥಿಯ ಹೊರಪದರದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ತಯಾರಾಗುತ್ತದೆ. ಗ್ರಂಥಿ ಕೆಟ್ಟು ಕಾರ್ಟಿಸೋಲಿನ ಮಟ್ಟ ಇಳಿದೊಡನೆ ಪಿಟ್ಯುಟರಿಯು 'ಇನ್ನೂ ಬೇಕು, ಇನ್ನೂ ಬೇಕು' ಎಂದು ಆಜ್ಞೆಯ ಮೇಲೆ ಆಜ್ಞೆಯನ್ನು ಹೊರಡಿಸುತ್ತದೆ. ಆ ಆಜ್ಞೆಯೂ ಒಂದು ಹಾರ್ಮೋನೇ. ಕೆಟ್ಟುಹೋದ ಗ್ರಂಥಿ ಅದಕ್ಕೆ ಓಗೊಡಲಾರದು. ಆದರೆ ಚರ್ಮದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳು ಆ ಕರೆಗೆ ಓಗೊಟ್ಟು ಬೇಕಾದುದಕ್ಕಿಂತ ಹೆಚ್ಚು ವರ್ಣದ್ರವ್ಯವನ್ನು ಉತ್ಪಾದಿಸುತ್ತವೆ. ಚರ್ಮ ಕಪ್ಪಾಗುವುದು ಹೀಗೆ. ಅಡಿಸನ್ನನ ಕಾಲದಲ್ಲಿ ಈ ರೋಗಕ್ಕೆ ಮದ್ದಿರಲಿಲ್ಲ. ಮರಣವೇ ಅದರ ಕೊನೆ. ಇಂದು ದೇಹದಲ್ಲಿ ಕೊರತೆಯಾದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ಪ್ರತಿದಿನ ಸೇವಿಸಿ ಅಂತಹ ರೋಗಿಗಳು ಎಲ್ಲರಂತೆ ಬಾಳಬಲ್ಲರು.

ಇತರ ಗ್ರಂಥಿಗಳ ಮಾತೂ ಹೀಗೆಯೇ. ಗಂಟಲಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಕಡಿಮೆಯಾದರೆ ಚರ್ಮ ಒಣಗಿ, ತಣ್ಣಗಾಗಿ, ಒರಟಾಗುತ್ತದೆ, ಕೂದಲು ಉದುರುತ್ತದೆ. ಹೆಚ್ಚಾದರೆ ಚರ್ಮ ಬೆಚ್ಚಗಾಗಿ ಸದಾ ಬೆವರಿನಿಂದ ತೇವವಾಗಿರುತ್ತದೆ. ಕೆಲವು ಮಕ್ಕಳ ಕತ್ತಿನ ಹಿಂಭಾಗದಲ್ಲಿ ಮತ್ತು ಕಂಕುಳಲ್ಲಿ ಚರ್ಮ ದಪ್ಪನಾಗಿ, ಮಖಮಲ್ಲಿನಂತೆ ಕಪ್ಪಾಗಿರುವುದುಂಟು. ಅದನ್ನು ಕೊಳೆಯೆಂದು ಬಗೆದು ಹಿರಿಯರು ಗದರುತ್ತಾರೆ. ಮಕ್ಕಳು ನಾಚಿ ಚರ್ಮವನ್ನು ಉಜ್ಜಿ ಉಜ್ಜಿ ಗಾಯಮಾಡಿಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಇನ್ಸುಲಿನ್ ಎಂಬ ಹಾರ್ಮೋನಿನ ಏರುಪೇರಿನ ಗುರುತು. ದೇಹದ ತೂಕ ಮಿತಿಮೀರಿದಾಗ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದಾಗುತ್ತವೆ. ಆಗ ಮೇದೋಜೀರಕ ಗ್ರಂಥಿಯು ಮತ್ತಷ್ಟು ಇನ್ಸುಲಿನ್ನನ್ನು ಸುರಿಸುತ್ತದೆ. ರಕ್ತದಲ್ಲಿ ಏರಿದ ಆ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ಅತಿಯಾಗಿ ಬೆಳೆಯುವಂತೆ ಪ್ರಚೋದಿಸುತ್ತದೆ. ಮುಂದೆ ಬರಬಹುದಾದ ಸಕ್ಕರೆ ಕಾಯಿಲೆಗೆ ಚರ್ಮವು ಮುಂಚೆಯೇ ನೀಡುವ ಎಚ್ಚರಿಕೆ ಅದು. ಸೋಪಿನಿಂದ ಅದು ಹೋಗದು. ಆಹಾರದ ಹಿತಮಿತ, ಆಟ, ವ್ಯಾಯಾಮಗಳಿಂದ ತೂಕ ಇಳಿದಂತೆ ಕಪ್ಪೂ ತಿಳಿಯಾಗುತ್ತ ಬರುತ್ತದೆ.

ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಮೊಡವೆಯೂ ಹಾರ್ಮೋನಿನೊಡನೆ ಸಂಬಂಧವುಳ್ಳದ್ದು. ಪುರುಷ ಹಾರ್ಮೋನು ಪುರುಷರಲ್ಲಿ ಹೇರಳವಾಗಿಯೂ ಸ್ತ್ರೀಯರಲ್ಲಿ ಅಲ್ಪವಾಗಿಯೂ ಇರುತ್ತದೆ. ಪ್ರಾಯ ಸಮೀಪಿಸಿದಾಗ ಅದರ ಮಟ್ಟ ಏರಿ, ರೋಮಕೂಪಗಳ ಬದಿಯಲ್ಲಿರುವ ಎಣ್ಣೆಗ್ರಂಥಿಗಳು ಹಿಗ್ಗುತ್ತವೆ. ಹೆಚ್ಚಿದ ಎಣ್ಣೆ, ಉದುರಿದ ಜೀವಕೋಶಗಳು ಸೇರಿ ಕೂಪದ ಬಾಯಿ ಮುಚ್ಚಿದಾಗ ಒಳಗೆ ಬ್ಯಾಕ್ಟೀರಿಯಗಳು ಬೆಳೆದು ಚರ್ಮ ಕೆಂಪಾಗಿ ಊದಿಕೊಳ್ಳುತ್ತದೆ. ವೃಷಣಗಳು ಕೆಲಸಮಾಡದ ಪುರುಷರಿಗೆ ಮೊಡವೆಗಳು ಬರುವುದಿಲ್ಲವೆಂದೂ, ಅವರಿಗೆ ಪುರುಷ ಹಾರ್ಮೋನನ್ನು ಕೊಟ್ಟರೆ ಬರುತ್ತವೆಂದೂ ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್ ೧೯೪೧ರಲ್ಲಿ ತೋರಿಸಿದನು. ಆದರೆ ಮೊಡವೆಯಿರುವ ಬಹುಮಂದಿಯ ರಕ್ತವನ್ನು ಪರೀಕ್ಷಿಸಿದಾಗ ಹಾರ್ಮೋನಿನ ಮಟ್ಟ ಸಹಜವಾಗಿಯೇ ಇರುತ್ತದೆ. ಅವರ ಎಣ್ಣೆಗ್ರಂಥಿಗಳು ಆ ಸಹಜ ಮಟ್ಟಕ್ಕೇ ಅತಿಯಾಗಿ ಸ್ಪಂದಿಸುತ್ತವೆ. ಹುಡುಗಿಯರಲ್ಲಿ ಮೊಡವೆಗಳ ಜೊತೆಗೆ ಮುಖದ ಮೇಲೆ ರೋಮ ಹೆಚ್ಚುವುದು, ಋತುಚಕ್ರ ತಪ್ಪುವುದು ಕಂಡುಬಂದರೆ ಅಂಡಾಶಯದ ಹಾರ್ಮೋನುಗಳ ಏರುಪೇರು ಇರಬಹುದಾದ್ದರಿಂದ ವೈದ್ಯರನ್ನು ಕಾಣುವುದು ಲೇಸು.

ವರ್ಷಗಟ್ಟಲೆ ಕಾಡುವ ಚರ್ಮರೋಗಗಳಲ್ಲಿ ಸೋರಿಯಾಸಿಸ್ ಮುಖ್ಯವಾದುದು. ಆರೋಗ್ಯವಂತರಲ್ಲಿ ಚರ್ಮದ ಹೊರಪದರ ಹೊಸದಾಗಲು ಸುಮಾರು ನಾಲ್ಕು ವಾರಗಳು ಬೇಕು. ಸೋರಿಯಾಸಿಸ್ ಉಳ್ಳವರಲ್ಲಿ ಆ ಕೆಲಸ ಒಂದು ವಾರದೊಳಗೇ ಮುಗಿಯುತ್ತದೆ. ಅವಸರದಲ್ಲಿ ಹುಟ್ಟಿದ ಅಪಕ್ವ ಜೀವಕೋಶಗಳು ಬೆಳ್ಳಿಯಂತೆ ಹೊಳೆಯುವ ಹೊಪ್ಪಳೆಗಳಾಗಿ ಉದುರುತ್ತವೆ. ದೇಹದ ರಕ್ಷಣಾವ್ಯವಸ್ಥೆ ತಪ್ಪಾಗಿ ಕೆರಳುವುದೇ ಇದಕ್ಕೆ ಮೂಲ. ಅನುವಂಶೀಯತೆಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಹಾರ್ಮೋನು ಈ ರೋಗವನ್ನು ಹುಟ್ಟಿಸುವುದಿಲ್ಲ, ಆದರೆ ಅದನ್ನು ಏರಿಸಿ ಇಳಿಸಬಲ್ಲುದು. ಗರ್ಭಿಣಿಯರಾದ ಎಷ್ಟೋ ಸ್ತ್ರೀಯರಲ್ಲಿ ಸ್ತ್ರೀ ಹಾರ್ಮೋನುಗಳ ಮಟ್ಟ ಏರಿದಂತೆ ರೋಗ ಶಮನವಾಗುವುದೂ, ಹೆರಿಗೆಯ ಬಳಿಕ ಆ ಮಟ್ಟ ತಟಕ್ಕನೆ ಇಳಿದಾಗ ರೋಗ ಮರಳುವುದೂ ಕಂಡುಬಂದಿದೆ. ಸೋರಿಯಾಸಿಸ್ ಅಂಟುರೋಗವಲ್ಲ. ರೋಗಿಯ ಕೈ ಹಿಡಿದರೆ, ಪಕ್ಕದಲ್ಲಿ ಕುಳಿತು ಉಂಡರೆ ಅದು ಯಾರಿಗೂ ಬಾರದು.

ಗರ್ಭಿಣಿಯರಲ್ಲಿ ರೋಗ ತಗ್ಗುವ ಇಂಥದೇ ಸಂಗತಿಯೊಂದು ಅಮೆರಿಕದ ವೈದ್ಯ ಫಿಲಿಪ್ ಹೆಂಚ್‌ನ ಗಮನವನ್ನು ಸೆಳೆದಿತ್ತು. ಅವನು ಮಿನೆಸೋಟ ರಾಜ್ಯದ ಮೇಯೊ ಕ್ಲಿನಿಕ್ಕಿನಲ್ಲಿ ಸಂಧಿವಾತದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದನು. ೧೯೨೯ರಲ್ಲಿ ಸಂಧಿವಾತದ ರೋಗಿಯೊಬ್ಬನಿಗೆ ಕಾಮಾಲೆ ಬಂದೊಡನೆ ಕೀಲುನೋವು ಮಾಯವಾದುದನ್ನು ಹೆಂಚ್ ಕಂಡನು. ಗರ್ಭಿಣಿಯರಲ್ಲೂ ನೋವು ತಗ್ಗುತ್ತಿತ್ತು. ದೇಹದಲ್ಲಿಯೇ ಹುಟ್ಟುವ ಯಾವುದೋ ವಸ್ತು ಈ ಉಪಕಾರವನ್ನು ಮಾಡುತ್ತಿರಬೇಕೆಂದು ಅವನು ಊಹಿಸಿದನು. ಅದೇ ಸಂಸ್ಥೆಯಲ್ಲಿದ್ದ ರಸಾಯನವಿಜ್ಞಾನಿ ಎಡ್ವರ್ಡ್ ಕೆಂಡಾಲ್ ದನಗಳ ಅಡ್ರೀನಲ್ ಗ್ರಂಥಿಗಳಿಂದ ಹಲವು ವಸ್ತುಗಳನ್ನು ಬೇರ್ಪಡಿಸಿದ್ದನು. ಸ್ವಿಟ್ಜರ್ಲೆಂಡಿನಲ್ಲಿ ಟಾಡಿಯಸ್ ರೈಖ್‌ಸ್ಟೈನ್ ಅದೇ ಕಾರ್ಯದಲ್ಲಿ ನಿರತನಾಗಿದ್ದನು. ರಾಶಿರಾಶಿ ಗ್ರಂಥಿಗಳಿಂದ ದೊರೆಯುತ್ತಿದ್ದ ಹಾರ್ಮೋನು ಚಿಟಿಕೆಯಷ್ಟು ಮಾತ್ರ. ಅನಂತರ ದನದ ಪಿತ್ತರಸದಿಂದ ೩೦ಕ್ಕೂ ಹೆಚ್ಚು ಹಂತಗಳ ರಾಸಾಯನಿಕ ಕ್ರಿಯೆಯ ಮೂಲಕ ಅದನ್ನು ತಯಾರಿಸುವ ಮಾರ್ಗ ತಿಳಿಯಿತು. ೧೯೪೮ರ ಸೆಪ್ಟೆಂಬರಿನಲ್ಲಿ, ಹಾಸಿಗೆಯಿಂದ ಏಳಲೂ ಕಷ್ಟಪಡುತ್ತಿದ್ದ ೨೯ ವರ್ಷದ ಸ್ತ್ರೀಯೊಬ್ಬಳಿಗೆ ಆ ಔಷಧವನ್ನು ಚುಚ್ಚಲಾಯಿತು. ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಾಡಿದಳು. 'ಕಾರ್ಟಿಸೋನ್' ಎಂದು ಹೆಸರಾದ ಆ ಔಷಧಕ್ಕಾಗಿ ೧೯೫೦ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಈ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಕೀಲುಗಳಿಗೆ ಬಂದ ವರ ಚರ್ಮಕ್ಕೂ ಒದಗಿತು. ಮೊದಲು ಕಾರ್ಟಿಸೋನನ್ನೇ ಮುಲಾಮು ಮಾಡಿ ಹಚ್ಚಿ ನೋಡಿದಾಗ ಫಲ ಕಾಣಲಿಲ್ಲ. ಏಕೆಂದರೆ ಕಾರ್ಟಿಸೋನ್ ಸ್ವತಃ ನಿಷ್ಕ್ರಿಯ. ಯಕೃತ್ತು ಅದನ್ನು ಹೈಡ್ರೋಕಾರ್ಟಿಸೋನ್ ಆಗಿ ಮಾರ್ಪಡಿಸಿದ ಮೇಲೆಯೇ ಅದಕ್ಕೆ ಶಕ್ತಿ ಬರುವುದು. ಚರ್ಮಕ್ಕೆ ಆ ಸಾಮರ್ಥ್ಯ ಸಾಲದು. ೧೯೫೨ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನನ್ನೇ ಹಚ್ಚಿ, ಇಸುಬಿನ ಉರಿ ನವೆಗಳು ತಗ್ಗುವುದನ್ನು ವರದಿ ಮಾಡಿದರು. ವರ್ಷಗಳ ಕಾಲ ನಿದ್ದೆಯಿಲ್ಲದೆ ಕೆರೆದುಕೊಳ್ಳುತ್ತಿದ್ದವರಿಗೆ ಇದರಿಂದ ನೆಮ್ಮದಿ ಲಭಿಸಿತು. ಮೈಯೆಲ್ಲ ಬೊಕ್ಕೆಯೆದ್ದು ಒಡೆದು, ಬಹುತೇಕ ರೋಗಿಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಪೆಂಫಿಗಸ್ ಎಂಬ ಘೋರ ಚರ್ಮರೋಗವೂ ಈ ವರ್ಗದ ಔಷಧಗಳಿಂದ ಹತೋಟಿಗೆ ಬಂದಿತು. ಆ ರೋಗಕ್ಕೆ ತಿಂಗಳಿಗೊಮ್ಮೆ ಕೆಲವು ದಿನ ಮಾತ್ರ ಭಾರಿ ಪ್ರಮಾಣದಲ್ಲಿ ಔಷಧ ಕೊಡುವ ಕ್ರಮವನ್ನು ೧೯೮೦ರ ದಶಕದಲ್ಲಿ ಬಳಕೆಗೆ ತಂದವರು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರೀಚಾ ಅವರು.

ಆದರೆ 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆ ಹಾರ್ಮೋನುಗಳಿಗೆ ಸಲ್ಲುವಷ್ಟು ಬೇರೆ ಯಾವುದಕ್ಕೂ ಸಲ್ಲದು. ಕಾರ್ಟಿಸೋಲಿನ ಮಟ್ಟ ಹೆಚ್ಚಾದರೆ ದೇಹಕ್ಕೆ ಏನಾಗುವುದೆಂಬುದನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ ೧೯೩೨ರಲ್ಲಿಯೇ ವಿವರಿಸಿದ್ದನು. ಮುಖ ಚಂದ್ರನಂತೆ ದುಂಡಗಾಗುತ್ತದೆ. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಬಿರುಕಿನ ಗೆರೆಗಳು ಮೂಡುತ್ತವೆ. ಚರ್ಮ ಕಾಗದದಂತೆ ತೆಳುವಾಗಿ, ಚಿಕ್ಕ ಪೆಟ್ಟಿಗೂ ರಕ್ತ ಹೆಪ್ಪುಗಟ್ಟುತ್ತದೆ. ಕುಷಿಂಗ್ ಕಂಡದ್ದು ಗ್ರಂಥಿಯ ದೋಷದಿಂದ ಬಂದ ರೋಗವನ್ನು. ಕಾರ್ಟಿಸೋನಿನ ವರ್ಗದ ಔಷಧಗಳಾದ ಸ್ಟಿರಾಯ್ಡುಗಳನ್ನು ಬಹುಕಾಲ ಮಿತಿಮೀರಿ ಬಳಸಿದವರಿಗೂ ಅದೇ ಸ್ಥಿತಿ ಒದಗುವುದು. ಅಷ್ಟೇ ಅಲ್ಲ, ಹೊರಗಿನಿಂದ ಹಾರ್ಮೋನು ಧಾರಾಳವಾಗಿ ಬರುತ್ತಿದ್ದರೆ ಪಿಟ್ಯುಟರಿ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಅಡ್ರೀನಲ್ ಗ್ರಂಥಿಗಳು ಕೆಲಸವಿಲ್ಲದೆ ಸೊರಗುತ್ತವೆ. ಆಗ ಔಷಧವನ್ನು ಹಠಾತ್ತನೆ ಬಿಟ್ಟರೆ ದೇಹ ಕಾರ್ಟಿಸೋಲಿಲ್ಲದೆ ಕುಸಿಯಬಹುದು. ಸೋರಿಯಾಸಿಸ್ಸಿಗೆ ಸ್ಟಿರಾಯ್ಡ್ ಮಾತ್ರೆಗಳನ್ನು ನುಂಗಿ ಥಟ್ಟನೆ ನಿಲ್ಲಿಸಿದವರಲ್ಲಿ ಮೈತುಂಬ ಕೀವುಗುಳ್ಳೆಗಳೆದ್ದು ಪ್ರಾಣಾಪಾಯವಾದ ಪ್ರಸಂಗಗಳೂ ಉಂಟು. ಆದಕಾರಣ ಪ್ರಾರಂಭಿಸುವುದಕ್ಕೂ, ಇಳಿಸುವುದಕ್ಕೂ, ನಿಲ್ಲಿಸುವುದಕ್ಕೂ ವೈದ್ಯರ ಮಾರ್ಗದರ್ಶನ ಬೇಕೇ ಬೇಕು.

ಭಾರತದಲ್ಲಿ ಈ ಎಚ್ಚರಿಕೆಯ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯುಂಟು. ಹಲವು ವರ್ಷಗಳಿಂದ ಪ್ರಬಲವಾದ ಸ್ಟಿರಾಯ್ಡ್ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಗಳಲ್ಲಿ ದೊರೆಯುತ್ತ ಬಂದಿವೆ. ಅವುಗಳನ್ನು ಹಚ್ಚಿದ ಮೊದಲ ದಿನಗಳಲ್ಲಿ ಚರ್ಮ ತಿಳಿಯಾಗಿ ಕಾಣುವುದರಿಂದ, ಬಿಳುಪೇ ಚೆಲುವೆಂದು ಭ್ರಮಿಸಿದ ಎಷ್ಟೋ ಯುವಕ ಯುವತಿಯರು ಅವನ್ನು ತಿಂಗಳುಗಟ್ಟಲೆ ಮುಖಕ್ಕೆ ಬಳಿದುಕೊಂಡಿದ್ದಾರೆ. ಬರಬರುತ್ತ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಮೇಲೆದ್ದು ಕಾಣುತ್ತವೆ, ಮೊಡವೆಗಳೂ ರೋಮಗಳೂ ಹೆಚ್ಚುತ್ತವೆ. ಮುಲಾಮನ್ನು ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ. ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಭಾರತದ ೧೨ ಚಿಕಿತ್ಸಾಕೇಂದ್ರಗಳಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಗಾಗಿ ಬಂದ ೨,೯೨೬ ಮಂದಿಯಲ್ಲಿ ೪೩೩ ಮಂದಿ ಸ್ಟಿರಾಯ್ಡ್ ಮುಲಾಮನ್ನು ಬಳಸುತ್ತಿದ್ದುದು ತಿಳಿದುಬಂದಿತು. ಹುಳುಕಡ್ಡಿಯಂತಹ ಶಿಲೀಂಧ್ರರೋಗಕ್ಕೆ ಇದನ್ನು ಹಚ್ಚಿದರೆ ನವೆ ಅಡಗುತ್ತದೆ. ಆದರೆ ಚರ್ಮದ ರಕ್ಷಣಾಶಕ್ತಿ ಕುಗ್ಗುವುದರಿಂದ ರೋಗ ಒಳಗೊಳಗೇ ಹರಡುತ್ತದೆ. ೨೦೧೮ರಲ್ಲಿ ಭಾರತ ಸರ್ಕಾರವು ಇಂತಹ ೧೪ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕಾನೂನು ಅಂಗಡಿಯ ಬಾಗಿಲನ್ನು ಕಾಯಬಹುದು. ಮನೆಯ ಕನ್ನಡಿಯ ಮುಂದೆ ಕಾಯಬೇಕಾದದ್ದು ವಿವೇಕ.

ಹಾಗೆಂದು ಈ ಔಷಧಗಳಿಗೆ ಅಂಜಿ ಅವನ್ನು ದೂರವಿಡುವುದೂ ಸಲ್ಲದು. ಇಸುಬಿನಿಂದ ನರಳುವ ಮಗುವಿಗೆ ವೈದ್ಯರು ಸೂಚಿಸಿದ ಮುಲಾಮನ್ನು ಹೆದರಿ ಹಚ್ಚದಿದ್ದರೆ ಅದು ನಿಷ್ಕಾರಣವಾದ ಹಿಂಸೆ. ಯಾವ ರೋಗಕ್ಕೆ, ದೇಹದ ಯಾವ ಭಾಗಕ್ಕೆ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿದು ಬಳಸಿದಾಗ ಅವು ಉಪಕಾರಿಗಳು. ವಯಸ್ಕರ ತೋರುಬೆರಳಿನ ತುದಿಯ ಗೆಣ್ಣಿನುದ್ದ ಹಿಂಡಿದ ಮುಲಾಮು ಎರಡು ಅಂಗೈಗಳಷ್ಟು ಚರ್ಮಕ್ಕೆ ಸಾಕಾಗುತ್ತದೆಂಬುದು ವೈದ್ಯರು ಹೇಳಿಕೊಡುವ ಸುಲಭವಾದ ಅಳತೆ.

ಅಡಿಸನ್ ಕಂಡ ಕಂಚಿನ ಬಣ್ಣ ಹಾರ್ಮೋನಿನ ಕೊರತೆಯ ಕಥೆಯನ್ನು ಹೇಳಿತು. ಕುಷಿಂಗ್ ಕಂಡ ನೇರಳೆ ಗೆರೆಗಳು ಅದೇ ಹಾರ್ಮೋನಿನ ಅತಿಶಯದ ಕಥೆಯನ್ನು ಹೇಳಿದವು. ಆರೋಗ್ಯವಿರುವುದು ಇವೆರಡರ ನಡುವಿನ ಸಮತೋಲದಲ್ಲಿ. ಚರ್ಮದ ಮೇಲಿನ ಕಲೆ ಮನುಷ್ಯನ ಶೀಲಕ್ಕೆ ಅಂಟಿದ ಕಲೆಯಲ್ಲ. ಒಳಗಿನ ಸಮತೋಲ ತಪ್ಪಿದುದನ್ನು ಅದು ಸೂಚಿಸಬಹುದು. ಅದನ್ನು ಕಂಡಾಗ ಮೂಗು ಮುರಿಯುವುದಾಗಲಿ, ಸಿಕ್ಕಿದ ಮುಲಾಮನ್ನು ಬಳಿದು ಮರೆಮಾಚುವುದಾಗಲಿ ತಕ್ಕುದಲ್ಲ. ಅದು ಏನನ್ನು ಹೇಳುತ್ತಿದೆಯೆಂದು ಕೇಳಿ ತಿಳಿಯುವ ತಾಳ್ಮೆ ಬೇಕು. ಆ ತಾಳ್ಮೆಯೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಪದಗಳ ಅರ್ಥ

ಅಗ್ರಗಣ್ಯ – ಮೊದಲಿಗನಾಗಿ ಎಣಿಸತಕ್ಕವನು
ಅಪಕ್ವ – ಬಲಿಯದ
ಓಗೊಡು – ಕರೆಗೆ ಉತ್ತರ ಕೊಡು
ನೀರುಗಂಟಿ – ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವನು
ರೋಮಕೂಪ – ಕೂದಲು ಹುಟ್ಟುವ ಸಣ್ಣ ಕುಳಿ
ಶಮನ – ತಗ್ಗುವಿಕೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
೧. ನಿರ್ನಾಳ ಗ್ರಂಥಿಗಳಿಗೆ ಆ ಹೆಸರು ಬರಲು ಕಾರಣವೇನು?
೨. ಅಡಿಸನ್ ತನ್ನ ಗ್ರಂಥವನ್ನು ಪ್ರಕಟಿಸಿದುದು ಯಾವಾಗ?
೩. ಕಾರ್ಟಿಸೋನಿನ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದವರು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
೧. ಅಡ್ರೀನಲ್ ಗ್ರಂಥಿ ಕೆಟ್ಟಾಗ ಚರ್ಮ ಕಪ್ಪಾಗುವುದೇಕೆ?
೨. ಕಾರ್ಟಿಸೋನ್ ಮುಲಾಮು ಫಲ ಕೊಡದೆ, ಹೈಡ್ರೋಕಾರ್ಟಿಸೋನ್ ಮುಲಾಮು ಫಲ ಕೊಟ್ಟುದೇಕೆ?
೩. ಸ್ಟಿರಾಯ್ಡ್ ಔಷಧವನ್ನು ಹಠಾತ್ತನೆ ಬಿಡುವುದರಿಂದ ಒದಗುವ ಅಪಾಯಗಳಾವುವು?

ಇ. ಸಂದರ್ಭದೊಡನೆ ವಿವರಿಸಿ.
೧. "ಸೋಪಿನಿಂದ ಅದು ಹೋಗದು."
೨. "ಮನೆಯ ಕನ್ನಡಿಯ ಮುಂದೆ ಕಾಯಬೇಕಾದದ್ದು ವಿವೇಕ."

ಈ. ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿ.
ಅತ್ಯಲ್ಪ, ರೋಗಾಣು, ಅಂಡಾಶಯ